ಗೂಟಕ್ಕೆ ಕಟ್ಟಿದ ಹರಿಗೋಲು

ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಒಂದು ಮನೆ ಇಷ್ಟು ಸುಮ್ಮನಿರಬಲ್ಲದು ಅಂತ ಗೊತ್ತಿರುವುದಿಲ್ಲ. ಚಳ್ಳಕೆರೆಯಿಂದ ಪರಶುರಾಂಪುರಕ್ಕೆ, ಅಲ್ಲಿಂದ ತಿರುಗಿ ಚಳ್ಳಕೆರೆಗೆ. ನಡುವೆ ಕೆಲವು ವರ್ಷ ಮೊಳಕಾಲ್ಮೂರಿನ ಮಾರ್ಗ. ಈರುಳ್ಳಿ ಮೂಟೆ, ಕುರಿಮರಿ, ಕೂಸು ಎತ್ತಿಕೊಂಡ ಬಾಣಂತಿ, ಕಾಲೇಜು ಹುಡುಗರು, ಎಲ್ಲರನ್ನೂ ಒಳಗೆ ತಳ್ಳಿ ತಳ್ಳಿ ನನ್ನ ಗಂಟಲು ಒಡೆದುಹೋಗಿತ್ತು. ದಿನವಿಡೀ ಬೈಯುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಹೆಂಡತಿ, "ಇಲ್ಲೇನು ಬಸ್ಸೈತಾ? ಸ್ವಲ್ಪ ಮೆಲ್ಲಗೆ ಮಾತಾಡ್ರಿ" ಅನ್ನುತ್ತಿದ್ದಳು. ನಾನು ನಿವೃತ್ತಿಯಾದ ಮರುವರ್ಷ ಅವಳು ತೀರಿಕೊಂಡಳು. ಮಕ್ಕಳಿಲ್ಲ. ಆಮೇಲೆ ಮೆಲ್ಲಗೆ ಮಾತಾಡುವುದಕ್ಕೂ ಯಾರೂ ಉಳಿಯಲಿಲ್ಲ.

ನಮ್ಮೂರು ಪರಶುರಾಂಪುರದ ಹತ್ತಿರ, ವೇದಾವತಿಯ ದಂಡೆಯ ಮೇಲಿದೆ. ದಂಡೆ ಅಂತ ಬರೆಯುವುದಕ್ಕೇ ನಗು ಬರುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಅದು ಹೊಳೆ ಅಲ್ಲ, ಮರಳು. ನಾವು ಅದರಲ್ಲಿ ಚಿಣ್ಣಿದಾಂಡು ಆಡಿದವರು. ನನ್ನ ಹೆಂಡತಿ ಕಂಪ್ಲಿ ಕಡೆಯವಳು, ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಮನೆಯ ಮಗಳು. ಮದುವೆಯಾದ ಹೊಸತರಲ್ಲಿ ಹೊಳೆ ತೋರಿಸುತ್ತೀನಿ ಬಾ ಅಂತ ಕರೆದುಕೊಂಡು ಹೋದರೆ, ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದ್ರಾಗೆ ನೀರು ಯಾವ ಕಡೆ ಐತ್ರೀ?" ಅಂದಳು. ನನಗೆ ಮೊದಲೇ ಮೂಗಿನ ಮೇಲೆ ಕೋಪ. ಮೂರು ದಿನ ಅವಳನ್ನು ಮಾತಾಡಿಸಲಿಲ್ಲ.

ಅವಳು ಹೋದ ಮೇಲೆ ನೀರು ಬಂತು, ನೋಡಿ! ಕೆಳಗಡೆ ಬ್ಯಾರೇಜು ಕಟ್ಟಿದ್ದರು, ಮೇಲ್ಗಡೆ ಒಳ್ಳೆಯ ಮಳೆಯಾಯಿತು; ಒಂದು ಬೆಳಿಗ್ಗೆ ಎದ್ದು ನೋಡಿದರೆ ದಂಡೆಯಿಂದ ದಂಡೆಗೆ ನೀರು. ಊರಿಗೆ ಊರೇ ಹೋಗಿ ಅರಿಸಿನ ಕುಂಕುಮ ಹಾಕಿ ಕೈಮುಗಿಯಿತು. ನಾನು ಹಿಂದೆ ನಿಂತು ಅತ್ತುಬಿಟ್ಟೆ. ಎರಡು ವರ್ಷ ಮೊದಲು ಬರಲಿಕ್ಕೆ ನಿನಗೇನಾಗಿತ್ತು ಅಂತ ಹೊಳೆಯನ್ನು ಬೈದೆ. ಪಕ್ಕದಲ್ಲಿದ್ದವರು ಭಕ್ತಿ ಅಂದುಕೊಂಡರು.

ಆ ದಿನಗಳಲ್ಲಿ ನನ್ನನ್ನು ಮಾತಾಡಿಸುತ್ತಿದ್ದವಳು ಒಬ್ಬಳೇ ಒಬ್ಬಳು. ನಮ್ಮ ಬೀದಿಯ ಕೊನೆಯ ಮನೆಯವಳು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮೂವತ್ತು ನಲವತ್ತು ಕುರಿ ಸಾಕಿಕೊಂಡು ಒಬ್ಬಳೇ ಇದ್ದಳು. ತವರು ಆಂಧ್ರದ ಕಡೆ, ಸಿಟ್ಟು ಬಂದರೆ ತೆಲುಗು, ಸಮಾಧಾನವಿದ್ದರೆ ಕನ್ನಡ. ದಿನಾ ಬೆಳಿಗ್ಗೆ ಕುರಿ ಹೊಡೆದುಕೊಂಡು ನನ್ನ ಜಗಲಿಯ ಮುಂದೆ ಹಾಯುವಾಗ ಏನಾದರೂ ಒಂದು ಚುಚ್ಚಿಯೇ ಹೋಗುತ್ತಿದ್ದಳು. "ಏನ್ ಕಂಡಕ್ಟ್ರೇ, ಇವತ್ತೂ ಬಸ್ ಕೆಟ್ಟೈತಾ?" ಅನ್ನುವಳು. ನಾನು, "ನಿನ್ನ ಕುರಿಗೆ ಟಿಕೆಟ್ ಎಲ್ಲಮ್ಮ?" ಅನ್ನುವೆ. ಇಷ್ಟೇ. ಈ ಎರಡು ಮಾತಿಗಾಗಿ ನಾನು ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದೆ ಅಂತ ಈಗ ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಹೊಳೆಗೂ ರಸ್ತೆಗೂ ನಡುವೆ ನನ್ನದೊಂದು ತುಂಡು ಜಮೀನಿತ್ತು. ಮರಳು ಮಿಶ್ರಿತ ನೆಲ, ಶೇಂಗಾ ಹಾಕಿದರೂ ಕಾಯಿ ಕಟ್ಟುತ್ತಿರಲಿಲ್ಲ. ಬಳ್ಳಾರಿ ಜಾಲಿ ಬೆಳೆದು ಹಾವಿಗೂ ದಾರಿಯಿಲ್ಲದಂತಾಗಿತ್ತು. ಒಂದು ದಿನ ಅವಳು ನಿಂತು, "ಇಷ್ಟ್ ವರ್ಷಕ್ಕೆ ನೀರು ಬಂದೈತೆ, ಇಳಿಯಾಕೆ ಒಂದು ದಾರಿ ಇಲ್ಲ. ನನ್ನ ಕುರಿ ಸುತ್ತಾಕ್ಕಂಡು ಸೇತುವೆ ತಾವ ಹೋಗ್ಬೇಕು. ಹುಡುಗ್ರು ಜಾಲಿ ಸಂದಿಯಿಂದ ಇಣುಕಿ ನೋಡ್ತಾವೆ. ಸುಮ್ನೆ ಜಗಲಿ ಸವೆಸೋ ಬದ್ಲು ಅದನ್ನ ಕಡಿಸ್ರಿ" ಅಂದಳು. ಕಡಿಸಿ ಏನು ಮಾಡಲಿ ಅಂದೆ. "ಜನ ಬಂದು ಕೂರ್ಲಿ. ಇಳೀಲಿ. ಪಟ್ಣದಾಗೆ ಪಾರ್ಕ್ ಇಲ್ವಾ? ಹಂಗೆ" ಅಂದಳು.

ಪಾರ್ಕು ಹುಟ್ಟಿದ್ದು ಹೀಗೆ. ಆಮೇಲೆ ಊರವರೆಲ್ಲ ನನ್ನನ್ನೇ ಹೊಗಳಿದರು, ನಾನೂ ಬೇಡ ಅನ್ನಲಿಲ್ಲ.

ಕೆಲಸಕ್ಕೆ ಇಳಿದ ಮೇಲೆ ನಾನು ಹಳೆಯ ಕಂಡಕ್ಟರ್ ಆದೆ. ಮನೆಮನೆಗೆ ಹೋಗಿ ಕೂಗಿದೆ, ಬೈದೆ, ಕೈ ಹಿಡಿದು ಎಳೆದುಕೊಂಡು ಬಂದೆ. ನಮ್ಮ ಕಡೆ ಮುಯ್ಯಾಳು ಅಂತ ಇದೆ: ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ಅರವತ್ತನಾಲ್ಕನೇ ವಯಸ್ಸಿನಲ್ಲಿ ಆ ಮುಯ್ಯಿ ತೀರಿಸಲು ನಾನು ಯಾರ್‍ಯಾರದೋ ಈರುಳ್ಳಿ ಹೊಲದಲ್ಲಿ ಕಳೆ ಕಿತ್ತೆ. ಸೊಂಟ ಬಿದ್ದುಹೋಯಿತು. ಆದರೂ ಎಷ್ಟೋ ದಿನಗಳ ಮೇಲೆ ರಾತ್ರಿ ಊಟ ರುಚಿಸಿತು.

ಗಂಗಮ್ಮನ ಗುಡಿಯ ಯಜಮಾನರು ಟ್ರಾಕ್ಟರ್ ಕಳಿಸಿದರು, ಕೂರಲು ಕಲ್ಲುಚಪ್ಪಡಿ ಹಾಕಿಸಿದರು. ನಮ್ಮೂರಲ್ಲಿ ಅವರ ಮಾತು ಮೀರುವವರಿಲ್ಲ. ಒಳ್ಳೆಯವರೇ, ಆದರೆ ಅವರು ಬೇಡ ಅಂದರೆ ಆ ಕೆಲಸ ಅಲ್ಲಿಗೆ ಮುಗಿಯಿತು. ಜಾಲಿಯ ನಡುವೆ ಸಿಕ್ಕಿದ್ದ ನಾಲ್ಕು ಹೊಂಗೆ ಮರ, ಒಂದು ಬೇವು ಉಳಿಸಿಕೊಂಡೆವು. ಹೊಂಗೆಯ ಕೊಂಬೆಗೆ ಟೈರಿನ ಜೋಕಾಲಿ ಕಟ್ಟಿದೆವು. ನೀರಿನವರೆಗೆ ಬಂಡಿ ಇಳಿಯುವಂಥ ಇಳಿಜಾರು ಮಾಡಿ ಕಲ್ಲು ಹಾಸಿದೆವು. ಯಾರು ಬೇಕಾದರೂ ಬರಬಹುದು, ಇಳಿಯಬಹುದು, ಯಾರನ್ನೂ ಕೇಳಬೇಕಿಲ್ಲ ಅಂತ ನಾನು ಎಲ್ಲರಿಗೂ ಸಾರಿದೆ.

ದೋಣಿ ಬೇಕಲ್ಲ? ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. ಅವನು ಇವತ್ತಿಗೂ ಹರಿಗೋಲು ಹೆಣೆಯುವವನು. ಬಿದಿರಿನ ದಬ್ಬೆಯ ದೊಡ್ಡ ಬುಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದದ್ದು. ಒಂದು ಬುಧವಾರ ಲಗೇಜ್ ಆಟೋ ಮೇಲೆ ಕವುಚಿ ಹಾಕಿಕೊಂಡು ತಂದ. ಒಂದು ಗಂಟೆ ಹುಟ್ಟು ಹಾಕುವುದನ್ನು ಹೇಳಿಕೊಟ್ಟ, ನಾಲ್ಕು ಲಾರಿ ಟ್ಯೂಬು ಊದಿಸಿ, ಇವಿಲ್ಲದೆ ಯಾರನ್ನೂ ಕೂರಿಸಬೇಡ ಅಂದ. ಬೇರೆ ಕೆಲಸವಿತ್ತು, ಹೊರಟ. ಹೊರಡುವಾಗ, "ಭಾವ, ಕಟ್ಟೋದು ಗೊತ್ತೈತಲ್ಲ?" ಅಂದ.

"ಲೇ, ದನ ಕಟ್ಟಿ ಬೆಳೆದೋನು ನಾನು. ನನಗೆ ಹಗ್ಗ ಹೇಳ್ಕೊಡ್ತೀಯಾ? ಹೋಗಲೇ!" ಅಂದೆ. ನಗುತ್ತಾ ಹೋದ.

ಶುಕ್ರವಾರಕ್ಕೆ ಪೂಜೆ ಅಂತ ಯಜಮಾನರು ಗೊತ್ತುಮಾಡಿದ್ದರು. ಅವರ ಮನೆಯ ಮುತ್ತೈದೆ ಸೊಸೆ ಮೊದಲು ಹರಿಗೋಲಿಗೆ ಅರಿಸಿನ ಹಚ್ಚಿ, ಉಡಿ ತುಂಬಿ, ಒಳಗೆ ಕಾಲಿಡಬೇಕು, ಆಮೇಲೆ ಉಳಿದವರು. ಹೊಸ ಬಂಡಿಗೆ, ಹೊಸ ಟ್ರಾಕ್ಟರಿಗೆ ನಾವು ಮಾಡುವುದೂ ಇದನ್ನೇ. ಸರಿ ಅಂದಿದ್ದೆ. ಆದರೆ ಬುಧವಾರ ಸಂಜೆಗೇ ನನಗೆ ಕೈ ತುರಿಸಲು ಶುರುವಾಯಿತು. ಯಾರೂ ಇರಲಿಲ್ಲ. ಮೆಲ್ಲಗೆ ಹತ್ತಿ ಹುಟ್ಟು ಹಾಕಿದೆ. ಅದು ನಿಂತಲ್ಲೇ ತಿರುಗಿತು. ಇನ್ನೊಂದು ಕಡೆ ಹಾಕಿದೆ. ಇನ್ನೊಂದು ಕಡೆಗೆ ತಿರುಗಿತು. ತಲೆ ಸುತ್ತು ಬಂದು ದಂಡೆಗೆ ಬಂದರೆ, ಕುರಿಗಳಿಗೆ ನೀರು ಕುಡಿಸುತ್ತಾ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಯ್ಯೋ ನನ್ನಪ್ಪ! ಗಾಣದೆತ್ತು ತಿರುಗ್ದಂಗೆ ತಿರುಗ್ತೀರಲ್ರೀ! ನಿಮ್ಮ ಭಾರ ಎಲ್ಲಾ ಒಂದೇ ಕಡೆ ಬಿದ್ದೈತೆ. ಎದುರಿಗೆ ಯಾರಾದ್ರೂ ಕೂರ್ಬೇಕು."

"ನೀನೇ ಕೂತ್ಕ ಬಾ" ಅಂದೆ.

ಅವಳ ನಗು ನಿಂತಿತು. "ಪೂಜೆ ಆಗಿಲ್ಲ. ಅದ್ರಾಗೆ ನಾನು..." ಅಂದಳು.

"ನಾನು ಕರೀತಿದೀನಿ. ಯಾವನು ಕೇಳ್ತಾನೆ? ಬಾರಮ್ಮ" ಅಂದೆ. ದೊಡ್ಡ ಮನುಷ್ಯನ ಹಾಗೆ ಹೇಳಿದೆ.

ಕೂತಳು. ಸೀರೆ ಮುದುರಿಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು, ಕೊರಳಿಗೆ ಟ್ಯೂಬು ಹಾಕಿಕೊಂಡು. ಹರಿಗೋಲು ನೇರ ಹೋಯಿತು. ನಡುವೆ ಒಮ್ಮೆ ಅವಳು ಕೈಯನ್ನು ನೀರಿಗೆ ಇಳಿಬಿಟ್ಟು, "ತಣ್ಣಗೈತೆ" ಅಂದಳು. ಹೆಂಡತಿ ಹೋದ ಮೇಲೆ ನಾನು ಖುಷಿಯಾಗಿದ್ದದ್ದು ಆ ಕಾಲು ಗಂಟೆ. ತಿರುಗಿ ಬಂದಾಗ ರಸ್ತೆಯಲ್ಲಿ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ಅವಳು ಅವಸರದಲ್ಲಿ ಇಳಿದು ಕುರಿಗಳನ್ನು ಹೊಡೆದುಕೊಂಡು ಹೋದಳು.

ನಾನು ಇಳಿಜಾರಿನ ಬುಡದಲ್ಲಿ, ನೀರಿನ ಅಂಚಿಗೇ ಕಬ್ಬಿಣದ ಗೂಟ ಬಡಿದು, ಎರಡು ಮೊಳ ಹಗ್ಗದಲ್ಲಿ ಹರಿಗೋಲನ್ನು ಬಿಗಿಯಾಗಿ ಕಟ್ಟಿದೆ. ನಮ್ಮಲ್ಲಿ ಎಮ್ಮೆಯನ್ನು ಉದ್ದ ಹಗ್ಗದಲ್ಲಿ ಕಟ್ಟುವವನು ಮನುಷ್ಯನೇ ಅಲ್ಲ. ಅದು ಪಕ್ಕದವರ ಹೊಲಕ್ಕೆ ಬಾಯಿ ಹಾಕಿದರೆ ತಲೆ ಒಡೆಯುವ ಜಗಳ. ಬಿಗಿಯಾಗಿ ಕಟ್ಟಿದರೆ ಮರ್ಯಾದಸ್ಥ. ಗಂಟನ್ನು ಎರಡು ಸಲ ಎಳೆದು ನೋಡಿ, ಕೈ ಕೊಡವಿಕೊಂಡು ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ಹೋದರೆ ಹರಿಗೋಲು ಇರಲಿಲ್ಲ. ಮೇಲೆ ಎಲ್ಲೋ ಮಳೆಯಾಗಿ ನೀರು ಎದೆಯುದ್ದ ಏರಿ ಇಳಿಜಾರಿನ ಅರ್ಧಕ್ಕೆ ಬಂದಿತ್ತು. ಜನ ಸೇರಿದರು. ನಾಲ್ಕು ಮಂದಿ ಸೊಂಟಕ್ಕೆ ಟ್ಯೂಬು ಕಟ್ಟಿಕೊಂಡು ಇಳಿದು ತಡಕಿದಾಗ ಅದು ಗೂಟದ ಹತ್ತಿರವೇ ತಳದಲ್ಲಿ ಮುಳುಗಿ ಕೂತಿತ್ತು. ಹಗ್ಗ ಹಾಕಿ ಟ್ರಾಕ್ಟರಿನಿಂದ ಎಳೆದೆವು. ಹರಿದಿರಲಿಲ್ಲ, ಮುರಿದಿರಲಿಲ್ಲ. ಹೊಸ ಹರಿಗೋಲು ಸುಮ್ಮಸುಮ್ಮನೆ ಯಾಕೆ ಮುಳುಗಿತು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ.

ಯಜಮಾನರು, "ಪೂಜೆ ಆಗೋಕ್ ಮುಂಚೆ ಯಾರಾದ್ರೂ ಕೂತಿದ್ರಾ?" ಅಂತ ಕೇಳಿದರು.

ರಸ್ತೆಯಲ್ಲಿ ನೋಡಿದ್ದ ಹೆಂಗಸರಲ್ಲಿ ಒಬ್ಬಳು ಹೇಳಿದಳು. ಎಲ್ಲರೂ ಕುರಿಯವಳ ಕಡೆ ತಿರುಗಿದರು. ಅವಳು ಕುರಿಗಳ ಜೊತೆ ಬೇವಿನ ಮರದ ಹತ್ತಿರ ನಿಂತಿದ್ದಳು. ಅವಳು ಯಾರ ಕಡೆಯೂ ನೋಡಲಿಲ್ಲ, ನನ್ನ ಕಡೆ ಮಾತ್ರ ನೋಡಿದಳು. ನಾನೇ ಕರೆದೆ ಅನ್ನುವ ಎರಡು ಪದ ಸಾಕಾಗಿತ್ತು. ನಾನು ಬಗ್ಗಿ ಹರಿಗೋಲಿನಲ್ಲಿದ್ದ ಕೆಸರು ಬಳಿಯತೊಡಗಿದೆ.

"ಆಯ್ತು ಬಿಡಿ, ಗೊತ್ತಿಲ್ದೆ ಮಾಡ್ಯಾಳೆ. ಮುಂದಿನ ಶುಕ್ರವಾರ ಶಾಂತಿ ಮಾಡ್ಸಿ ಪೂಜೆ ಮಾಡಾಣ. ಆಯಮ್ಮ ಈ ಕಡೆ ಬರಾದ್ ಬ್ಯಾಡ. ಅಲ್ಲೀತಂಕ ದಾರಿಗೆ ಮುಳ್ಳು ಹಾಕ್ರಿ" ಅಂದರು ಯಜಮಾನರು. ಅವರು ಜೋರು ಮಾಡಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅವಳು ಕುರಿಗಳನ್ನು ತಿರುಗಿಸಿಕೊಂಡು ಹೋದಳು. ನಾವು ಕಡಿದಿದ್ದ ಜಾಲಿಯನ್ನೇ ತಂದು ದಾರಿಗೆ ಅಡ್ಡ ಒಟ್ಟಿದರು.

ಅವತ್ತು ಮಧ್ಯಾಹ್ನ ಬಾಮೈದನಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿ ಅವನು ಒಂದೇ ಪ್ರಶ್ನೆ ಕೇಳಿದ. "ಭಾವ, ಹಗ್ಗ ಎಷ್ಟುದ್ದ ಬಿಟ್ಟಿದ್ದೆ?"

"ಎರಡು ಮೊಳ."

ಆ ಕಡೆಯಿಂದ ನಗು. "ಭಾವ, ಅದೇನು ಎಮ್ಮೇನಾ? ನೀರು ಮೇಲಕ್ಕೆ ಬಂದ್ರೆ ಅದೂ ಮೇಲಕ್ಕೆ ಬರಬೇಕಲ್ಲ! ನೀನು ಮೂಗುದಾರ ಹಿಡ್ದು ಕೆಳಗೆ ಎಳೆದಂಗೆ ಕಟ್ಟಿದೀ. ಒಂದು ಅಂಚು ತಗ್ಗಿ ನೀರು ತುಂಬೈತೆ. ನಮ್ಮೂರಾಗೆ ಸಣ್ಣ ಮಕ್ಕಳೂ ಹಿಂಗೆ ಕಟ್ಟಲ್ಲ." ನಾನು ಫೋನ್ ಇಟ್ಟುಬಿಟ್ಟೆ.

ಅಂದರೆ ಮೊದಲ ದಿನ ಮಧ್ಯಾಹ್ನವೇ ನನಗೆ ಗೊತ್ತಿತ್ತು. ಇದನ್ನು ಮರೆಮಾಚಬಾರದು ಅಂತಲೇ ಈಗ ಬರೆಯುತ್ತಿದ್ದೇನೆ. ಗೊತ್ತಿದ್ದೂ ಎಂಟು ದಿನ ಬಾಯಿ ಬಿಡಲಿಲ್ಲ. ಯಾಕೆ ಅಂದರೆ ಕಾರಣ ಒಂದಲ್ಲ. ದನ ಕಟ್ಟಿ ಬೆಳೆದವನು ಅಂತ ಮೀಸೆ ತಿರುವಿದವನು ನಾನು, ಊರು ನಗುತ್ತದೆ. ಯಜಮಾನರ ಮಾತಿಗೆ ಎದುರು ಹೇಳಿದರೆ ಅವರು ಕೈ ಬಿಟ್ಟಾರು, ಪಾರ್ಕು ನಿಂತುಹೋದೀತು, ಮತ್ತೆ ನಾನು, ನನ್ನ ಜಗಲಿ. ಶುಕ್ರವಾರ ಪೂಜೆಯಾಗಲಿ, ಎಲ್ಲಾ ತಣ್ಣಗಾಗುತ್ತದೆ, ಅವಳೂ ಬರುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಲೆಕ್ಕವಿಲ್ಲದಷ್ಟು ನೆಪ ಸಿಗುತ್ತವೆ, ಸ್ವಾಮಿ!

ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತೆ. ಅವಳು ನನ್ನ ಮನೆಯ ಮುಂದೆ ಬರಲೇ ಇಲ್ಲ. ಹಿಂದಿನ ಓಣಿಯಿಂದ ಕುರಿ ಹೊಡೆದುಕೊಂಡು ಸೇತುವೆಯ ಕಡೆ ಹೋಗುತ್ತಿದ್ದಳು. ಕುರಿಗಳ ಸದ್ದು ಕೇಳುತ್ತಿತ್ತು, ಅವಳ ಮಾತು ಕೇಳುತ್ತಿರಲಿಲ್ಲ. ಅಂಗಡಿಗೆ ಹೋಗುವಾಗ, ಬರುವಾಗ ಅವಳ ಬಾಗಿಲ ಮುಂದೆಯೇ ಹಾದು ಹೋದೆ, ತಲೆ ತಗ್ಗಿಸಿಕೊಂಡು. ಮನೆ ಮೊದಲಿಗಿಂತ ಸುಮ್ಮನಾಯಿತು.

ಶುಕ್ರವಾರದ ಹೊತ್ತಿಗೆ ನೀರು ಇಳಿದು ಗೂಟ ಮತ್ತೆ ಕಾಣುತ್ತಿತ್ತು. ಪೂಜೆಗೆ ಊರೆಲ್ಲ ಸೇರಿತ್ತು. ಅರ್ಚಕರು ನೀರು ಚಿಮುಕಿಸಿದರು. ಸೊಸೆ ಉಡಿ ತುಂಬಿ ಒಳಗೆ ಕಾಲಿಟ್ಟು ಇಳಿದಳು. ಯಜಮಾನರು, "ಮೈಲಿಗೆ ಹೋತು. ಇನ್ನೇನೂ ಆಗಾದಿಲ್ಲ" ಅಂದರು. ಆಗ ಒಬ್ಬ ಹುರುಪಿನಲ್ಲಿ ಹರಿಗೋಲನ್ನು ತೆಗೆದುಕೊಂಡು ಹೋಗಿ ಅದೇ ಗೂಟಕ್ಕೆ, ಅದೇ ಎರಡು ಮೊಳ ಹಗ್ಗದಲ್ಲಿ ಕಟ್ಟತೊಡಗಿದ. ನನ್ನಂತೆಯೇ ಗಂಟನ್ನು ಎರಡು ಸಲ ಎಳೆದು ನೋಡಿದ.

ನನಗೆ ಏನಾಯಿತೋ, "ಬಿಡಲೇ ಹಗ್ಗಾನ!" ಅಂತ ಕೂಗಿಬಿಟ್ಟೆ. ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟುತ್ತಿದ್ದ ಗಂಟಲು ಅದು. ವಾದ್ಯದವರು ಕೂಡ ನಿಲ್ಲಿಸಿದರು. "ಮೈಲಿಗೆ ಅಲ್ಲ, ಏನೂ ಅಲ್ಲ. ತಪ್ಪು ನಂದು. ಹಗ್ಗ ಗಿಡ್ಡ ಕಟ್ಟಿದ್ದೆ. ನೀರು ಏರಿತು, ಇದು ಏರಾಕಾಗ್ಲಿಲ್ಲ, ಮುಳುಗ್ತು. ಆಯಮ್ಮನ್ನ ಕರ್ದು ಕೂರ್ಸಿದ್ದೂ ನಾನೇ. ಆಯಮ್ಮ ಬ್ಯಾಡ ಅಂದ್ಲು, ನಾನೇ ಬಲವಂತ ಮಾಡ್ದೆ" ಅಂದೆ. ಉದ್ದ ಹಗ್ಗ ತಂದು, ಮೇಲಿನ ಹೊಂಗೆ ಬುಡಕ್ಕೆ ಸಡಿಲ ಬಿಟ್ಟು ಕಟ್ಟಿ ತೋರಿಸಿದೆ.

ಯಾರೋ, "ಕಂಡಕ್ಟ್ರು ಹೊಳೇಗೆ ಮೂಗುದಾರ ಹಾಕವ್ರೆ!" ಅಂದ. ಊರೆಲ್ಲ ನಕ್ಕಿತು. ಯಜಮಾನರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಾನು ಎಂಟು ದಿನ ಹೆದರಿದ್ದು ಈ ನಗುವಿಗೆ. ಅದು ನನ್ನನ್ನೇನೂ ಕೊಲ್ಲಲಿಲ್ಲ. ನಕ್ಕು ಮುಗಿಸಿ ಯಜಮಾನರು ಟವೆಲಿನಿಂದ ಕಣ್ಣೊರೆಸಿಕೊಂಡು, "ಅಲ್ಲಯ್ಯಾ, ಇದನ್ನ ಅವತ್ತೇ ಬೊಗಳಾಕೆ ಏನಾಗಿತ್ತು ನಿಂಗೆ? ಸುಮ್ನೆ ಒಂದು ಹೆಣ್ಣುಮಗಳಿಗೆ ಅನ್ನಿಸ್ಬಿಟ್ಟೆಲ್ಲ ನನ್ನ ಕೈಲಿ" ಅಂದರು. ತಾವೇ ಮುಂದೆ ಹೋಗಿ ದಾರಿಯ ಮುಳ್ಳು ಎಳೆಸಿದರು. ಆಯಮ್ಮನಿಗೆ ಬರಲು ಹೇಳು ಅಂದರು.

ನಾನು ಹಾರಿಕೊಂಡು ಹೋದೆ ಅಂದರೂ ತಪ್ಪಿಲ್ಲ. ಕಾಲಿಗೆ ಚಪ್ಪಲಿಯಿರಲಿಲ್ಲ. ಅವಳು ಮನೆಯ ಮುಂದೆ ಕಲ್ಲಿನ ಮೇಲೆ ಕೂತು ಕುಂಟುತ್ತಿದ್ದ ಒಂದು ಕುರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು. ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಹಗ್ಗ, ಗೂಟ, ಬಾಮೈದನ ಫೋನು, ಊರು ನಕ್ಕದ್ದು, ಯಜಮಾನರು ಮುಳ್ಳು ತೆಗೆಸಿದ್ದು.

"ಕೇಳ್ಸ್ತು" ಅಂದಳು. "ನಗಾದು ಇಲ್ಲೀತಂಕ ಕೇಳ್ಸ್ತು."

"ಇನ್ನೇನು ಮತ್ತೆ! ನಾಳೆಯಿಂದ ಬಾ. ಎಲ್ರೂ ಕರೀತವ್ರೆ."

ಅವಳು ಮುಳ್ಳು ಕಿತ್ತು ಪಕ್ಕಕ್ಕೆ ಹಾಕಿ, ಗೊರಸಿಗೆ ಅರಿಸಿನ ಒತ್ತಿದಳು. ಕುರಿಯನ್ನು ಬಿಟ್ಟಳು. ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿದ್ದರೆ ತೆಲುಗು ಬರಬೇಕಿತ್ತು. ಕನ್ನಡದಲ್ಲೇ ಮಾತಾಡಿದಳು.

"ಊರೋರು ಅಂದಿದ್ದು ನಂಗೇನು ಹೊಸದಲ್ಲ ಕಂಡಕ್ಟ್ರೇ. ಗಂಡ ಸತ್ತಾಗಿಂದ ಎಲ್ಲಾ ಶುಭಕ್ಕೂ ಹಿಂದಿನ ಸಾಲಿನಾಗೇ ನಿಂತೋಳು ನಾನು. ನನ್ನಿಂದ್ಲೇ ಮುಳುಗ್ತೇನೋ ಅಂತ ನಾನೂ ನಂಬ್ಕಂಡಿದ್ದೆ. ಎಂಟು ದಿನ ನಿದ್ದೆ ಇಲ್ಲ. ನೀವು ದಿನಾ ಎರಡು ಸಲ ಈ ಬಾಗ್ಲ ಮುಂದೆ ಓಡಾಡಿದ್ರಿ. ಊರಿಗೆ ಹೇಳಾದು ಹಂಗಿರ್ಲಿ. ನಿಂದು ತಪ್ಪಲ್ಲ ಕಣಮ್ಮ ಅಂತ ನನ್ನೊಬ್ಬಳಿಗೆ ಹೇಳ್ಬೋದಿತ್ತಲ್ಲ? ಯಾರಿಗೂ ಕೇಳ್ತಿರ್ಲಿಲ್ಲ. ಯಾರೂ ನಗ್ತಿರ್ಲಿಲ್ಲ."

ಆಣೆ ಮಾಡಿ ಹೇಳುತ್ತೇನೆ, ಆ ಎಂಟು ದಿನಗಳಲ್ಲಿ ಒಂದು ಸಲವೂ ಅದು ನನಗೆ ಹೊಳೆದಿರಲಿಲ್ಲ. ಊರು ಏನನ್ನುತ್ತದೆ, ಯಜಮಾನರು ಏನನ್ನುತ್ತಾರೆ, ಪಾರ್ಕು ಏನಾಗುತ್ತದೆ ಅಂತ ಯೋಚಿಸಿದ್ದೆ. ಅವಳು ಬರದಿದ್ದರೆ ನನ್ನ ಬೆಳಗು ಹೇಗೆ ಕಳೆಯಲಿ ಅಂತ ಕೂಡ ಯೋಚಿಸಿದ್ದೆ. ಒಳಗೆ ಅವಳು ನಿದ್ದೆಗೆಟ್ಟು ಕೂತಿರಬಹುದು ಅಂತ ಮಾತ್ರ ಯೋಚಿಸಿರಲಿಲ್ಲ.

ಅವಳು ಒಳಗೆ ಹೋಗಿ ಮಜ್ಜಿಗೆ ತಂದಳು. "ಬಿಸ್ಲಾಗೆ ಬಂದಿದೀರ, ಕುಡೀರಿ" ಅಂದಳು, ಹೊಸದಾಗಿ ಮನೆಗೆ ಬಂದವರಿಗೆ ಹೇಳುವ ಹಾಗೆ. ಕುಡಿದು ಲೋಟ ಕೆಳಗಿಟ್ಟೆ. "ಹೋಗ್ಬರ್ತೀನಿ" ಅಂದೆ. "ಆಗ್ಲಿ ರೀ" ಅಂದಳು. ಕಂಡಕ್ಟ್ರೇ ಅನ್ನಲಿಲ್ಲ.

ಈಗ ಪಾರ್ಕಿನಲ್ಲಿ ಮೂರು ಹರಿಗೋಲುಗಳಿವೆ. ಭಾನುವಾರ ಚಳ್ಳಕೆರೆಯಿಂದ ಬೈಕುಗಳಲ್ಲಿ ಜನ ಬರುತ್ತಾರೆ. ಹೆಂಗಸರು, ಮಕ್ಕಳು, ಮುದುಕರು, ಯಾರನ್ನೂ ಕೇಳದೆ ಇಳಿಯುತ್ತಾರೆ, ಟ್ಯೂಬು ಹಾಕಿಕೊಂಡು ಕಿರುಚಾಡುತ್ತಾರೆ. ನಾನು ದಂಡೆಯಲ್ಲಿ ನಿಂತು ಎಲ್ಲರಿಗೂ ಹಗ್ಗ ಕಟ್ಟುವುದನ್ನು ಹೇಳಿಕೊಡುತ್ತೇನೆ. ಅವಳು ಇನ್ನೂ ಸೇತುವೆಯ ಕಡೆಗೇ ಹೋಗುತ್ತಾಳೆ. ದಾರಿಯಲ್ಲಿ ಎದುರಾದರೆ ಊಟ ಆಯ್ತಾ ಅಂತ ಕೇಳುತ್ತಾಳೆ. ಆಯ್ತು ಅನ್ನುತ್ತೇನೆ, ಆಗಿರದಿದ್ದರೂ.